ದ್ರಾಕ್ಷಿಯ ಗುಡ್ಡಗಳಲ್ಲಿ ಬೈಸಿಕಲ್ಲಿನ ದಾರಿ

ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತದ ಹೆಸರನ್ನೆತ್ತಿದೊಡನೆ ಲೋಕದ ಬಹುಮಂದಿಗೆ ನೆನಪಾಗುವುದು ಅಲ್ಲಿಯ ದ್ರಾಕ್ಷಾಮದ್ಯ. ನಮ್ಮ ಶ್ರೋತೃಗಳಲ್ಲಿ ಅದನ್ನು ಸೇವಿಸಿದವರಿಗಿಂತ ಸೇವಿಸದವರೇ ಹೆಚ್ಚಾಗಿರಬೇಕಾದ್ದರಿಂದ ಅದರ ರುಚಿಯನ್ನು ಬಣ್ಣಿಸುವ ಸಾಹಸಕ್ಕೆ ನಾವು ಕೈಹಾಕುವುದಿಲ್ಲ. ಈ ಸಾಯಂಕಾಲ ನಾವು ಹೇಳಬೇಕೆಂದಿರುವುದು, ಆ ದ್ರಾಕ್ಷಿ ಬೆಳೆಯುವ ಗುಡ್ಡಗಳ ಸೀಮೆಯಲ್ಲಿ ಮೋಟಾರಿನ ಕಾಟವಿಲ್ಲದೆ ಬೈಸಿಕಲ್ಲಿನ ಮೇಲೆ ಹೋಗಬಹುದಾದ ಒಂದು ದಾರಿಯ ವಿಚಾರ. ಬೋನ್ ಎಂಬ ಪಟ್ಟಣದಲ್ಲಿ ಹೊರಟು ದಕ್ಷಿಣಕ್ಕೆ ಮಾಕೋನ್ ಪಟ್ಟಣದ ಅಂಚಿನವರೆಗೆ, ನೂರು ಕಿಲೋಮೀಟರಿಗೂ ಮಿಕ್ಕ ದೂರವನ್ನು, ಹೆಚ್ಚುಕಡಮೆ ಮೋಟಾರುಗಳ ಸಹವಾಸವಿಲ್ಲದೆಯೇ ಕ್ರಮಿಸಬಹುದು. ಸೆಪ್ಟೆಂಬರ್ ತಿಂಗಳಲ್ಲಿ ಮೂರು ದಿನಗಳ ಬಿಡುವು ಮಾಡಿಕೊಂಡು ನಾವು ಅದನ್ನು ಹಾದೆವು.

ಸ್ವಾರಸ್ಯವೇನೆಂದರೆ, ಈ ದಾರಿಯನ್ನು ಮೊದಲು ನಿರ್ಮಿಸಿದವರು ಯಾರೂ ಬೈಸಿಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ನಿರ್ಮಿಸಲಿಲ್ಲ. ಅದರ ಮೊದಲ ಭಾಗ ದ್ರಾಕ್ಷಿಯ ಬೇಸಾಯಗಾರನ ಗಾಡಿದಾರಿ. ನಡುವಣ ಭಾಗ ದೋಣಿ ಎಳೆಯುವವರು ನಡೆದ ಕಾಲುವೆಯ ದಂಡೆ. ಕೊನೆಯದು, ಎಲ್ಲಕ್ಕಿಂತ ಉದ್ದವಾದದ್ದು, ಹಳಿ ಕಿತ್ತುಹಾಕಿದ ರೈಲುದಾರಿ. ಒಬ್ಬೊಬ್ಬರು ತಮ್ಮ ತಮ್ಮ ಹೊಟ್ಟೆಪಾಡಿಗಾಗಿ ಮಾಡಿಕೊಂಡ ದಾರಿಗಳನ್ನು ಒಂದಕ್ಕೊಂದು ಹೊಂದಿಸಿ, ಈಗಿನವರು ವಿಹಾರಕ್ಕೆ ಅನುವು ಮಾಡಿಕೊಂಡಿದ್ದಾರೆ. ಈ ಮಾತನ್ನು ಮರೆತರೆ ದಾರಿಯ ಅರ್ಧ ಅರ್ಥ ಹೋಗಿಬಿಡುತ್ತದೆ ಎಂದು ನಮಗೆ ತೋರುತ್ತದೆ.

ಗುಡ್ಡಗಾಡಿನಲ್ಲಿ ಬೈಸಿಕಲ್ಲು ತುಳಿಯುವವನಿಗೆ ಶತ್ರುಗಳು ಇಬ್ಬರು: ಏರು ಮತ್ತು ಮೋಟಾರು. ಇವರಲ್ಲಿ ಏರಿನೊಡನೆ ಸಂಧಿ ಮಾಡಿಕೊಳ್ಳುವ ಬಗೆಯನ್ನು ಫ್ರೆಂಚರಿಗೆ ಕಲಿಸಿದವನು ಪಾಲ್ ದ ವೀವೀ ಎಂಬ ಮಹನೀಯ. 1853ರಲ್ಲಿ ಹುಟ್ಟಿದ ಈತ ಸ್ಯಾಂತ್ ಎತ್ಯೆನ್ ನಗರದಲ್ಲಿ ರೇಷ್ಮೆಯ ವ್ಯಾಪಾರದಲ್ಲಿದ್ದು, ಆಮೇಲೆ ಬೈಸಿಕಲ್ಲಿನ ಮೋಹಕ್ಕೆ ಸಿಕ್ಕಿ, 1887ರಲ್ಲಿ ಅದಕ್ಕಾಗಿಯೇ ಒಂದು ಪತ್ರಿಕೆಯನ್ನು ಹೊರಡಿಸಿದನು. ವೆಲೋಸಿಯೋ ಎಂಬುದು ಆತನ ಕಾವ್ಯನಾಮ. ಒಂದೇ ಹಲ್ಲುಚಕ್ರದಿಂದ ಸಮನೆಲವನ್ನೂ ಬೆಟ್ಟವನ್ನೂ ತುಳಿಯಬೇಕೆನ್ನುವುದು ಮೂರ್ಖತನವೆಂದು ಸಾರಿ, ಸರಪಣಿಯನ್ನು ಚಿಕ್ಕ ದೊಡ್ಡ ಹಲ್ಲುಚಕ್ರಗಳ ಮೇಲೆ ಬದಲಾಯಿಸಿಕೊಳ್ಳುವ ಉಪಾಯವನ್ನು ಆತನು ಬಾಳೆಲ್ಲ ಪ್ರತಿಪಾದಿಸಿದನು. ಪಂದ್ಯದ ಪೌರುಷವಂತರಿಗೆ ಇದು ಮುದುಕರ ಆಟವಾಗಿ ಕಂಡಿತು. 1903ರಲ್ಲಿ ಆರಂಭವಾದ ಪ್ರಸಿದ್ಧ ಫ್ರಾನ್ಸ್ ಪ್ರದಕ್ಷಿಣೆಯ ಪಂದ್ಯದಲ್ಲಿ ಸರಪಣಿ ಜಾರಿಸುವ ಗೇರಿಗೆ ಅನುಮತಿ ದೊರೆತದ್ದು 1937ರಲ್ಲಿ. ಅಷ್ಟು ಹೊತ್ತಿಗೆ ವೆಲೋಸಿಯೋ ತೀರಿಹೋಗಿ ಏಳು ವರ್ಷಗಳಾಗಿದ್ದವು. ಆತನು ಪ್ರಯಾಣಿಕರಿಗೆ ವಿಧಿಸಿದ ನಿಯಮಗಳಲ್ಲಿ ಒಂದು ನಮ್ಮವರಿಗೆ ಪ್ರಿಯವಾದೀತು: ದಾರಿಯಲ್ಲಿರುವಷ್ಟು ಹೊತ್ತು ಮದ್ಯ, ಮಾಂಸ, ಹೊಗೆಸೊಪ್ಪು ಮೂರೂ ವರ್ಜ್ಯ. ದ್ರಾಕ್ಷಾಮದ್ಯದ ದೇಶದಲ್ಲಿ ಹುಟ್ಟಿ ಈ ಮಾತನ್ನಾಡಲು ಎದೆಗಾರಿಕೆ ಬೇಕು. ಈಗ ಅಲ್ಲಿಯ ಕಾನೂನು ಸಹ ಈ ವಿಷಯದಲ್ಲಿ ಬೈಸಿಕಲ್ಲಿನವನನ್ನು ಬಿಟ್ಟಿಲ್ಲ. ಒಂದು ಲೀಟರು ರಕ್ತದಲ್ಲಿ ಅರ್ಧ ಗ್ರಾಮು ಮದ್ಯಸಾರವೆಂಬ ಮಿತಿ ಮೋಟಾರು ನಡೆಸುವವನಿಗೆ ಹೇಗೋ ಇವನಿಗೂ ಹಾಗೆಯೇ. ದ್ರಾಕ್ಷಿಯ ಊರೂರಿನಲ್ಲೂ ನೆಲಮಾಳಿಗೆಯ ಬಾಗಿಲು ತೆರೆದು ರುಚಿ ನೋಡಲು ಕರೆಯುತ್ತಿರುವಾಗ ಈ ಮಿತಿಯನ್ನು ನೆನಪಿನಲ್ಲಿಡುವುದು ಒಂದು ತಪಸ್ಸೇ ಸರಿ.

ಬೋನ್ ಪಟ್ಟಣದ ಕೀರ್ತಿಗೆ ಕಾರಣವಾದ ಕಟ್ಟಡವೊಂದುಂಟು. 1443ರಲ್ಲಿ ಬರ್ಗಂಡಿಯ ಪ್ರಭುವಿನ ಮಂತ್ರಿಯಾಗಿದ್ದ ನಿಕೊಲಾ ರೊಲ್ಯಾಂ ಎಂಬವನೂ ಅವನ ಪತ್ನಿಯೂ ಬಡರೋಗಿಗಳಿಗಾಗಿ ಕಟ್ಟಿಸಿದ ಆಸ್ಪತ್ರೆ ಅದು. ಬಣ್ಣಬಣ್ಣದ ಹೆಂಚುಗಳನ್ನು ರಂಗವಲ್ಲಿಯ ಹಾಗೆ ಜೋಡಿಸಿದ ಅದರ ಮಾಡನ್ನು ನೋಡುವುದಕ್ಕೆಂದೇ ಜನ ಬರುತ್ತಾರೆ. ಪುಣ್ಯಕ್ಕಾಗಿ ದಾನಿಗಳು ಅದಕ್ಕೆ ಬಿಟ್ಟುಕೊಟ್ಟ ಭೂಮಿಯಲ್ಲಿ ದ್ರಾಕ್ಷಿಯ ತೋಟಗಳೂ ಉಂಟು. ಆ ತೋಟಗಳ ಮದ್ಯವನ್ನು 1859ರಿಂದಲೂ ಬಹಿರಂಗ ಹರಾಜಿನಲ್ಲಿ ಮಾರುತ್ತ ಬಂದಿದ್ದಾರೆ. ಪ್ರತಿ ನವೆಂಬರಿನಲ್ಲಿ ನಡೆಯುವ ಈ ಹರಾಜಿನ ಹಣದಿಂದ ಊರಿನ ಆಸ್ಪತ್ರೆಗೆ ನೆರವಾಗುತ್ತದೆ. ಅದೇ ಪಟ್ಟಣದ ಹಳೆಯ ಕಡತಗಳಿಂದ ದ್ರಾಕ್ಷಿಯ ಕೊಯ್ಲಿನ ದಿನಗಳನ್ನು 1354ನೆಯ ಇಸವಿಯಿಂದ ಈಚೆಗೆ ವರ್ಷ ವರ್ಷವೂ ವಿದ್ವಾಂಸರು ಕಲೆಹಾಕಿದ್ದಾರೆ. 1988ರಿಂದೀಚೆಗೆ ಕೊಯ್ಲು ಹಿಂದಿನ ಶತಮಾನಗಳ ಸರಾಸರಿಗಿಂತ 13 ದಿನ ಮೊದಲೇ ಬರುತ್ತಿದೆಯೆಂದು ಆ ಲೆಕ್ಕದಿಂದ ತಿಳಿದುಬಂದಿದೆ. ಭೂಮಿ ಬಿಸಿಯಾಗುತ್ತಿದೆಯೆಂಬ ಮಾತಿಗೆ ಇದಕ್ಕಿಂತ ಸಾವಧಾನದ ಸಾಕ್ಷಿ ದೊರೆಯುವುದು ಕಷ್ಟ. ನಾವು ಹೋದ ವೇಳೆಗೆ ಎಷ್ಟೋ ತೋಟಗಳಲ್ಲಿ ಹಣ್ಣು ಆಗಲೇ ಬುಟ್ಟಿ ಸೇರಿತ್ತು.

ಬೋನಿನಿಂದ ಸಾಂತ್ನೇ ಎಂಬ ಊರಿಗೆ ಸುಮಾರು 22 ಕಿಲೋಮೀಟರು. ಈ ಭಾಗಕ್ಕೆ ಅವರು ‘ದ್ರಾಕ್ಷಿಬಳ್ಳಿಗಳ ದಾರಿ’ ಎಂಬ ಅರ್ಥದ ಹೆಸರನ್ನು ಇಟ್ಟಿದ್ದಾರೆ. ಪೊಮ್ಮಾರ್, ವೊಲ್ನೇ, ಮೆರ್ಸೋ, ಪುಲಿನ್ಯಿ—ಸಿರಿವಂತರ ಊಟದ ಪಟ್ಟಿಯಲ್ಲಿ ಓದುವ ಹೆಸರುಗಳೆಲ್ಲ ಇಲ್ಲಿ ಹಳ್ಳಿಗಳು. ಪ್ರತಿಯೊಂದರಲ್ಲೂ ಒಂದು ಗೋಪುರದ ಗುಡಿ, ಒಂದು ನೀರಿನ ತೊಟ್ಟಿ, ಕಲ್ಲಿನ ಎತ್ತರದ ಗೋಡೆಗಳು. ಅವುಗಳ ನಡುವೆ ಎರಡು ಗಾಡಿಗಳು ಎದುರಾದರೆ ಒಂದು ಹಿಂದೆ ಸರಿಯಬೇಕಾದಷ್ಟು ಕಿರಿದಾದ ಬೀದಿ.

ಇಲ್ಲಿ ದಾರಿ ಸಮವಾಗಿಲ್ಲ. ಗುಡ್ಡದ ಸೆರಗನ್ನು ಹಿಡಿದು ಏರಿ ಇಳಿದು ಹೋಗುತ್ತದೆ. ಕೆಲವೆಡೆ ನೂರು ಅಡಿಗೆ ಎಂಟು ಹತ್ತು ಅಡಿ ಏರುವ ಮೊಟುಕಾದ ಮೆಟ್ಟಿಲಿನಂಥ ಏರುಗಳಿವೆ. ಏದುಸಿರು ಬಂದರೂ ನಾವು ಇದನ್ನು ದೂರುವುದಿಲ್ಲ. ಏಕೆಂದರೆ ಬರ್ಗಂಡಿಯ ದ್ರಾಕ್ಷಿಯ ಶಾಸ್ತ್ರವನ್ನು ಪುಸ್ತಕದಲ್ಲಿ ಓದಿ ತಿಳಿಯುವುದಕ್ಕಿಂತ ಮೊಣಕಾಲಿನಿಂದ ತಿಳಿಯುವುದು ಸುಲಭ. ಸಾಲುಗುಡ್ಡಗಳು ಪೂರ್ವಕ್ಕೂ ಆಗ್ನೇಯಕ್ಕೂ ಮುಖಮಾಡಿ ನಿಂತಿವೆ. ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ. ಅವುಗಳ ಬುಡದಲ್ಲಿ ಹೆದ್ದಾರಿಯೊಂದು ಹೋಗುತ್ತದೆ. ಹೆದ್ದಾರಿಯ ಕೆಳಗೆ ಸಮನೆಲ, ಜಿಗುಟಾದ ಮಣ್ಣು, ನೀರು ನಿಲ್ಲುವ ಜಾಗ. ಅಲ್ಲಿಯ ಹಣ್ಣಿನ ಮದ್ಯ ಸಾಧಾರಣ ದರ್ಜೆಯದು. ಹೆದ್ದಾರಿಯನ್ನು ದಾಟಿ ಪೆಡಲು ಭಾರವಾಗತೊಡಗಿದಲ್ಲಿಂದ ದರ್ಜೆಯೂ ಬೆಲೆಯೂ ಏರುತ್ತವೆ. ಸುಣ್ಣಕಲ್ಲಿನ ಮೇಲೆ ತೆಳುವಾಗಿ ಮಣ್ಣು ಹರಡಿ, ನೀರು ನಿಲ್ಲದೆ ಬಸಿದುಹೋಗುವ ನಡುವಣ ಇಳಿಜಾರೇ ಅತ್ಯುತ್ತಮ. ಇನ್ನೂ ಮೇಲಕ್ಕೆ ಹೋದರೆ ಮಣ್ಣು ತೀರ ತೆಳ್ಳಗಾಗಿ, ಗಾಳಿ ತಣ್ಣಗಾಗಿ, ದರ್ಜೆ ಮತ್ತೆ ಇಳಿಯುತ್ತದೆ. ಅದರ ಮೇಲೆ ಕಾಡು. ಉಸಿರು ಅತ್ಯಂತ ಭಾರವಾದ ಜಾಗವೇ ಮದ್ಯ ಅತ್ಯಂತ ದುಬಾರಿಯಾದ ಜಾಗವೂ ಆಗಿರುವುದನ್ನು ಕಂಡು ನಾವು ನಕ್ಕೆವು. ಮೋಟಾರಿನಲ್ಲಿ ಹೋಗುವವನಿಗೆ ಈ ಭೇದ ಕಾಣುವುದೇ ಇಲ್ಲ. ಅವನ ಕಾಲಿಗೆ ಎಲ್ಲ ನೆಲವೂ ಒಂದೇ.

ಈ ಇಳಿಜಾರನ್ನು ಅವರು ‘ಕ್ಲೀಮಾ’ ಎಂದು ಕರೆಯುವ ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಹೆಸರಿಟ್ಟು, ಶತಮಾನಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಇಂಥವು 1247 ಎಂದು ಲೆಕ್ಕ. 2015ರಲ್ಲಿ ಯುನೆಸ್ಕೋ ಸಂಸ್ಥೆ ಇವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪುಲಿನ್ಯಿ ಊರಿನ ಪಕ್ಕದಲ್ಲಿ ಮೋಂರಾಶೇ ಎಂಬ ಹೊಲ ಇದೆ. ಎಂಟು ಹೆಕ್ಟೇರಿನಷ್ಟು ಜಾಗ. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಎಕರೆಗೆ ಸ್ವಲ್ಪ ಕಡಮೆ. ಬಿಳಿಯ ದ್ರಾಕ್ಷಾಮದ್ಯದಲ್ಲಿ ಇದಕ್ಕೆ ಮಿಗಿಲಾದದ್ದಿಲ್ಲವೆಂದು ಬಲ್ಲವರ ಮಾತು. ಅದರ ಸುತ್ತ ಇರುವುದು ಎದೆಯೆತ್ತರದ ಒಂದು ಕಲ್ಲುಗೋಡೆ, ಅಷ್ಟೆ. ಬೈಸಿಕಲ್ಲನ್ನು ಬದಿಗೆ ನಿಲ್ಲಿಸಿ ನೋಡಿದೆವು. ರಸ್ತೆಯ ಆಚೆಯ ಬಳ್ಳಿಗೂ ಈಚೆಯ ಬಳ್ಳಿಗೂ ನಮ್ಮ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಬಳ್ಳಿಗಳು ಹೀಗೆ ನೂಲು ಹಿಡಿದಂತೆ ಸಾಲಾಗಿ ನಿಂತಿರುವುದು ಬಹು ಪುರಾತನವಾದ ಪದ್ಧತಿಯೇನಲ್ಲ. ಹಿಂದೆ ಅವು ಜಾತ್ರೆಯ ಜನರಂತೆ ಒತ್ತೊತ್ತಾಗಿ ನಿಂತಿದ್ದವು. ಬಳ್ಳಿಯ ಕೊಂಬೆಯನ್ನು ಬಾಗಿಸಿ ಮಣ್ಣಿನಲ್ಲಿ ಹೂಳಿ ಬೇರು ಬರಿಸುತ್ತಿದ್ದುದರಿಂದ ಸಾಲಿನ ಮಾತೇ ಇರಲಿಲ್ಲ. ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನಿನಂಥ ಕ್ರಿಮಿ 1878ರಲ್ಲಿ ಈ ಜಿಲ್ಲೆಗೆ ಕಾಲಿಟ್ಟು ಬೇರುಗಳನ್ನು ಹಾಳುಮಾಡಿತು. ಆ ಕ್ರಿಮಿಯನ್ನು ತಾಳಬಲ್ಲ ಅಮೆರಿಕದ ಬೇರಿನ ಮೇಲೆ ಸ್ಥಳೀಯ ಬಳ್ಳಿಯನ್ನು ಕಸಿಮಾಡಿ ಎಲ್ಲವನ್ನೂ ಹೊಸದಾಗಿ ನೆಡಬೇಕಾಯಿತು. ಹಾಗೆ ನೆಡುವಾಗ ಸಾಲು ಹಿಡಿದರು. ಸಾಲಿನ ನಡುವೆ ಕುದುರೆಯ ನೇಗಿಲು ಬಂತು. ಕುದುರೆಯ ತರುವಾಯ ಟ್ರ್ಯಾಕ್ಟರು ಬಂತು. ಈ ಟ್ರ್ಯಾಕ್ಟರು ವಿಚಿತ್ರವಾದದ್ದು: ಬಳ್ಳಿಯ ಸಾಲಿನ ಎರಡೂ ಪಕ್ಕಕ್ಕೆ ಕಾಲು ಚಾಚಿ, ಸಾಲನ್ನೇ ಹೊಟ್ಟೆಯ ಕೆಳಗೆ ಬಿಟ್ಟುಕೊಂಡು ನಡೆಯುವ ಎತ್ತರದ ಯಂತ್ರ. ನಾವು ಹೋಗುವ ದಾರಿ ಅದಕ್ಕೆ ಸೇರಿದ್ದು. ವಿಹಾರಿಗಳಲ್ಲಿ ಕೆಲವರು ಅದು ಎದುರಾದಾಗ ಮುಖ ಗಂಟಿಕ್ಕಿಕೊಳ್ಳುವುದನ್ನು ಕಂಡೆವು. ಇದು ಅನ್ಯಾಯ. ಹೊಲದವನು ಕೆಲಸಕ್ಕೆ ಹೊರಟಿದ್ದಾನೆ, ನಾವು ವಿನೋದಕ್ಕೆ. ಹುಲ್ಲಿನ ಮೇಲಕ್ಕೆ ಸರಿದು ಕಾಲೂರಿ ನಿಲ್ಲಬೇಕಾದವರು ನಾವೇ. ಹಾಗೆ ನಿಂತಾಗಲೆಲ್ಲ ಯಂತ್ರದ ಮೇಲಿನಿಂದ ಒಂದು ಕೈ ಮೇಲಕ್ಕೆದ್ದು ವಂದಿಸಿತು.

ಸಾಂತ್ನೇ ದಾಟಿದ ಮೇಲೆ ಕಾಲುವೆ ಸಿಗುತ್ತದೆ. ಸೋನ್ ನದಿಯನ್ನೂ ಲ್ವಾರ್ ನದಿಯನ್ನೂ ಕೂಡಿಸುವ ಈ ಕಾಲುವೆಯ ಕೆಲಸ 1783ರಲ್ಲಿ, ರಾಜ್ಯಕ್ರಾಂತಿಗೆ ಆರು ವರ್ಷ ಮೊದಲು, ಗೋತೇ ಎಂಬ ಇಂಜಿನಿಯರನ ಕೈಕೆಳಗೆ ಆರಂಭವಾಯಿತು. ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ಮನುಷ್ಯರೂ ಕುದುರೆಗಳೂ ತುಳಿದ ದಂಡೆಯೇ ಈಗಿನ ದಾರಿ. ಸರಕಿನ ದೋಣಿಗಳ ಕಾಲ ಕಳೆದು, ಈಗ ಮುಖ್ಯವಾಗಿ ವಿಹಾರದ ದೋಣಿಗಳೇ ಬರುತ್ತವೆ. ನೆರಳು, ನೀರು, ಮೀನು ಹಿಡಿಯುವ ಮುದುಕರು—ಇಲ್ಲಿ ಹೇಳಬೇಕಾದದ್ದು ಇಷ್ಟೆ. ಏಕೆಂದರೆ ಕಾಲುವೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ತೂಬಿನ ಬಾಗಿಲುಗಳಿರುವ ಕಡೆ ಹೊರತು. ಸಂಜೆಗೆ ಶಾಲೋನ್ ಪಟ್ಟಣವನ್ನು ಸೇರಿದೆವು. ಛಾಯಾಚಿತ್ರವನ್ನು ಕಂಡುಹಿಡಿದ ನಿಯೆಪ್ಸ್ 1765ರಲ್ಲಿ ಹುಟ್ಟಿದ ಊರು ಇದು. ಅವನ ಪ್ರತಿಮೆಯ ಮುಂದೆ ಪ್ರವಾಸಿಗಳು ನಿಂತು ತಮ್ಮ ಚಿತ್ರ ತೆಗೆದುಕೊಳ್ಳುತ್ತಾರೆ.

ಮಾರನೆಯ ದಿನ ರೈಲುದಾರಿಯನ್ನು ಹಿಡಿದೆವು. ಶಾಲೋನಿನಿಂದ ಕ್ಲೂನಿಯ ಮೇಲೆ ಮಾಕೋನಿಗೆ ಹಿಂದೆ ರೈಲು ಓಡುತ್ತಿತ್ತು. ಮೋಟಾರಿನ ಪೈಪೋಟಿಯಲ್ಲಿ ಅದು ಸೋತು ನಿಂತಿತು. ಹಳಿಗಳ ಮೇಲೆ ಮುಳ್ಳುಗಿಡ ಬೆಳೆಯಿತು. 1997ರಲ್ಲಿ ಜಿವ್ರಿ ಎಂಬ ಊರಿನಿಂದ ಕ್ಲೂನಿಯವರೆಗಿನ 44 ಕಿಲೋಮೀಟರು, ಎಂದರೆ ಸುಮಾರು ಮೈಸೂರಿನಿಂದ ಮಂಡ್ಯದಷ್ಟು ದೂರವನ್ನು, ಹಳಿ ತೆಗೆದು ಡಾಮರು ಹಾಕಿ, ನಡೆಯುವವರಿಗೂ ಬೈಸಿಕಲ್ಲಿನವರಿಗೂ ಬಿಟ್ಟುಕೊಟ್ಟರು. ಫ್ರಾನ್ಸಿನಲ್ಲಿ ‘ಹಸಿರು ದಾರಿ’ ಎಂಬ ಹೆಸರಿನಿಂದ ತೆರೆದ ಮೊದಲನೆಯ ದಾರಿ ಇದು. ಇಂಥ ದಾರಿಗಳು ದೇಶದಲ್ಲೆಲ್ಲ ಹೆಚ್ಚಿದ ಮೇಲೆ, 2004ರಲ್ಲಿ ಸರ್ಕಾರದವರು ತಮ್ಮ ರಸ್ತೆಯ ಕಾಯಿದೆಯಲ್ಲಿಯೇ ಈ ಹೆಸರನ್ನು ಸೇರಿಸಿ, ಯಂತ್ರದ ಬಲದಿಂದ ಓಡುವ ಗಾಡಿಗೆ ಅಲ್ಲಿ ಪ್ರವೇಶವಿಲ್ಲವೆಂದು ವಿಧಿಸಿದರು.

ಸತ್ತ ರೈಲುದಾರಿ ಬೈಸಿಕಲ್ಲಿಗೆ ಏಕೆ ಇಷ್ಟು ಒಪ್ಪುತ್ತದೆಯೆಂಬುದನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಸರಾಗವಾಗಿ ಉರುಳುತ್ತದೆ. ಆ ನುಣುಪೇ ಏರಿನಲ್ಲಿ ಅದಕ್ಕೆ ಶತ್ರು, ಹಿಡಿತ ಸಾಲದೆ ಚಕ್ರ ನಿಂತಲ್ಲೇ ಸುತ್ತುತ್ತದೆ. ಆದುದರಿಂದ ರೈಲಿನ ಇಂಜಿನಿಯರು ನೂರು ಅಡಿಗೆ ಮೂರಡಿ ಮೀರಿದ ಏರನ್ನು ಸಾಮಾನ್ಯವಾಗಿ ಒಪ್ಪನು. ಗುಡ್ಡ ಅಡ್ಡ ಬಂದರೆ ಕಡಿದನು, ಹಳ್ಳ ಬಂದರೆ ಮಣ್ಣಿನ ಏರಿ ಹಾಕಿದನು, ಅದೂ ಆಗದಿದ್ದರೆ ಸುರಂಗ ತೋಡಿದನು. ಉಗಿಬಂಡಿಗಾಗಿ ಪಟ್ಟ ಈ ಶ್ರಮದ ಫಲ ಇಂದು ಎಪ್ಪತ್ತರ ಅಜ್ಜಿಗೂ ಏಳರ ಮೊಮ್ಮಗುವಿಗೂ ದೊರೆತಿದೆ. ವೆಲೋಸಿಯೋವಿನ ಹಲ್ಲುಚಕ್ರಗಳ ಹಂಗೂ ಇಲ್ಲದೆ ಗುಡ್ಡಗಾಡನ್ನು ಹಾದುಹೋಗುವ ಕುಟುಂಬಗಳನ್ನು ನಾವು ಕಂಡೆವು. ತಂದೆಯ ಬೈಸಿಕಲ್ಲಿನ ಹಿಂದೆ ಕಟ್ಟಿದ ಪುಟ್ಟ ಗಾಡಿಯಲ್ಲಿ ಕೂಸೊಂದು ನಿದ್ರೆಮಾಡುತ್ತಿತ್ತು. ಹೆದ್ದಾರಿಯಲ್ಲಿ ಯಾವ ತಾಯಿಯೂ ಇದಕ್ಕೆ ಒಪ್ಪಳು.

ಆದರೆ ಈ ಸುಲಭಕ್ಕೂ ಒಂದು ಬೆಲೆ ಇದೆ. ದಾರಿ ಕಣಿವೆಯನ್ನು ಹಿಡಿದು ಹೋಗುತ್ತದೆ. ದ್ರಾಕ್ಷಿ ಗುಡ್ಡದ ಮೇಲಿದೆ. ಜಿವ್ರಿಯನ್ನು ಬಿಟ್ಟು ಬುಸ್ಸಿ ಎಂಬ ಊರನ್ನು ಸಮೀಪಿಸುವ ತನಕ ಬಲಗಡೆಯ ಇಳಿಜಾರಿನಲ್ಲಿ ಬಳ್ಳಿಯ ಸಾಲುಗಳು ಜೊತೆಗೆ ಬರುತ್ತವೆ, ಆಮೇಲೆ ಹುಲ್ಲುಗಾವಲೂ ಬಿಳಿಯ ಹಸುಗಳೂ ಆ ಜಾಗವನ್ನು ಆಕ್ರಮಿಸುತ್ತವೆ. ಸಮದಾರಿಯ ಮೋಹದಲ್ಲಿ ಹೋದವನು ದ್ರಾಕ್ಷಿಯ ಸೀಮೆಯನ್ನು ಪಕ್ಕದಿಂದ ನೋಡಿ ಹೋದನೇ ಹೊರತು ಒಳಗೆ ಹೊಕ್ಕನೆಂದು ಹೇಳುವಂತಿಲ್ಲ. ನಾವು ಬುಸ್ಸಿಯಲ್ಲಿ ದಾರಿಯನ್ನು ಬಿಟ್ಟು ಮೇಲಣ ಮೊಂತಾನಿ ಎಂಬ ಹಳ್ಳಿಗೆ ಏರಿದೆವು. ಇಲ್ಲಿ ಮೋಟಾರು ಬರಬಹುದು, ಆದರೆ ಒಂದು ಗಂಟೆಯಲ್ಲಿ ಬಂದದ್ದು ಅಂಚೆಯವರ ಬಂಡಿಯೊಂದು ಮಾತ್ರ. ಮೇಲಿನಿಂದ ಕೆಳಗೆ ನೋಡಿದರೆ ಹಸಿರು ದಾರಿ ಒಂದು ದಾರದ ಹಾಗೆ ಕಾಣುತ್ತದೆ, ಅದರ ಮೇಲೆ ಬೈಸಿಕಲ್ಲುಗಳು ಇರುವೆಗಳಂತೆ.

ಸ್ಯಾಂ ಜಾಂಗೂ ಎಂಬ ಹಳೆಯ ಪೇಟೆಯ ತರುವಾಯ ಗ್ರೋನ್ ಎಂಬ ಸಣ್ಣ ಹೊಳೆಯ ಕಣಿವೆ. ಹದಿನೇಳನೆಯ ಶತಮಾನದ ಕೊರ್ಮಾತ್ಯಾಂ ಅರಮನೆ ದಾರಿಗೆ ಹತ್ತಿರದಲ್ಲೇ ಇದೆ. ಮುಂದೆ ದಿಬ್ಬದ ಮೇಲೆ ತೇಜೇ. 1940ರಲ್ಲಿ ಸ್ಥಾಪಿತವಾದ ಅಲ್ಲಿಯ ಕ್ರೈಸ್ತ ಸಾಧಕರ ಸಮುದಾಯವನ್ನು ನೋಡಲು ನಾನಾ ದೇಶಗಳ ತರುಣರು ಬರುತ್ತಾರೆ, ಬೆನ್ನಿಗೆ ಮೂಟೆ ಕಟ್ಟಿಕೊಂಡು ನಡೆಯುವ ಅವರ ಗುಂಪುಗಳು ದಾರಿಯ ಮೇಲೂ ಸಿಗುತ್ತವೆ.

ಹಳೆಯ ರೈಲುನಿಲ್ದಾಣಗಳ ವಿಷಯದಲ್ಲಿ ನಮ್ಮ ಮನಸ್ಸು ಎರಡಾಗುತ್ತದೆ. ಕೆಲವು ಈಗ ಕಾಫಿಯ ಅಂಗಡಿಗಳಾಗಿವೆ, ಕೆಲವು ಬೈಸಿಕಲ್ಲುಗಳನ್ನು ಬಾಡಿಗೆಗೆ ಕೊಡುವ ಮನೆಗಳಾಗಿವೆ. ಊರಿನ ಹೆಸರು ಗೋಡೆಯ ಮೇಲೆ ಹಾಗೆಯೇ ಉಳಿದಿದೆ. ನಮಗೆ ಅಲ್ಲಿ ನೆರಳೂ ಉಪಚಾರವೂ ದೊರೆತವು, ಸಂತೋಷವೇ. ಆದರೆ ಆ ವೇದಿಕೆಯ ಮೇಲೆ ನಿಂತು ಸಂತೆಗೆ, ಶಾಲೆಗೆ, ವೈದ್ಯರ ಬಳಿಗೆ ಹೋಗುತ್ತಿದ್ದ ಹಳ್ಳಿಯವರು ಏನಾದರು? ಅವರಿಗೆ ಈಗ ಬಸ್ಸು ಉಂಟು, ಅದರ ವೇಳೆ ಹೊಂದದಿದ್ದರೆ ಸ್ವಂತದ ಮೋಟಾರೇ ಗತಿ. ನಾವು ಯಾವ ಮೋಟಾರಿನಿಂದ ತಪ್ಪಿಸಿಕೊಂಡೆವೆಂದು ಹಿಗ್ಗುತ್ತೇವೆಯೋ ಆ ಮೋಟಾರಿಗೆ ಅವರನ್ನು ಒಪ್ಪಿಸಿದ್ದು ಈ ರೈಲಿನ ಸಾವೇ. ಹಸಿರು ದಾರಿಯನ್ನು ಹೊಗಳುವವರು ಈ ಲೆಕ್ಕವನ್ನೂ ಬರೆದಿಡಬೇಕು. ರೈಲು ಹೋದ ಮೇಲೆ ದಾರಿಯನ್ನು ಉಳಿಸಿಕೊಂಡದ್ದು ಜಾಣತನ. ರೈಲು ಹೋದದ್ದು ಒಳ್ಳೆಯದಾಯಿತೆಂದು ಹೇಳಲು ನಮ್ಮ ನಾಲಗೆ ಏಳದು.

ಕ್ಲೂನಿಯಲ್ಲಿ ಅರ್ಧ ದಿನವನ್ನಾದರೂ ಕಳೆಯಬೇಕು. 910ರಲ್ಲಿ ಸ್ಥಾಪಿತವಾದ ಇಲ್ಲಿಯ ಮಠ ಒಂದು ಕಾಲಕ್ಕೆ ಐರೋಪ್ಯ ಕ್ರೈಸ್ತ ಮಠಗಳಿಗೆಲ್ಲ ಹಿರಿಯಣ್ಣನಂತಿತ್ತು. 1088ರಲ್ಲಿ ಅಡಿಪಾಯ ಹಾಕಿದ ಅದರ ದೇವಾಲಯಕ್ಕಿಂತ ದೊಡ್ಡದಾದದ್ದು, ರೋಮಿನ ಈಗಿನ ಸೇಂಟ್ ಪೀಟರ್ ದೇವಾಲಯ ಏಳುವ ತನಕ, ಕ್ರೈಸ್ತ ಲೋಕದಲ್ಲೇ ಇರಲಿಲ್ಲ. ರಾಜ್ಯಕ್ರಾಂತಿಯ ಅನಂತರ, 1798ರಲ್ಲಿ, ಅದನ್ನು ವ್ಯಾಪಾರಿಗಳಿಗೆ ಮಾರಿದರು. ಅವರು ಕಲ್ಲಿಗಾಗಿ ಅದನ್ನು ಒಡೆದರು. ಉಳಿದಿರುವುದು ದಕ್ಷಿಣದ ಒಂದು ತೋಳು, ಅದರ ಮೇಲಿನ ಗೋಪುರ. ಹಂಪೆಯನ್ನು ಕಂಡವರಿಗೆ ಇಲ್ಲಿ ವಿವರಣೆ ಬೇಕಾಗದು.

ಕ್ಲೂನಿಯಿಂದ ಮುಂದಕ್ಕೆ ಬ್ವಾ ಕ್ಲೇರ್ ಎಂಬ ಸುರಂಗ, ಉದ್ದ 1.6 ಕಿಲೋಮೀಟರು. ಒಳಗೆ ದೀಪಗಳಿವೆ, ಆದರೂ ಬಿಸಿಲಿನಿಂದ ಒಮ್ಮೆಗೇ ಹೊಕ್ಕಾಗ ನೆಲಮಾಳಿಗೆಯ ತಣ್ಪು ಮೈಗೆ ಬಡಿಯುತ್ತದೆ, ನೀರು ತೊಟ್ಟಿಕ್ಕುವ ಸದ್ದು ಕೇಳುತ್ತದೆ. ಉಣ್ಣೆಯ ಅಂಗಿಯೊಂದನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು ಮೇಲು. ಚಳಿಗಾಲದಲ್ಲಿ ಈ ಸುರಂಗವನ್ನು ಮುಚ್ಚುತ್ತಾರೆ. ಆಗ ಅಲ್ಲಿ ಬಾವಲಿಗಳು ನಿದ್ರೆಮಾಡುತ್ತವೆ. ಅವುಗಳ ನಿದ್ರೆ ಕೆಡಬಾರದೆಂದು ಮನುಷ್ಯರು ಗುಡ್ಡದ ಮೇಲಣ ದಾರಿಯನ್ನು ಹತ್ತಿ ಇಳಿಯಬೇಕು. ಈ ಏರ್ಪಾಡು ನಮಗೆ ಬಹಳ ಹಿಡಿಸಿತು.

ಸುರಂಗದ ಆಚೆಗೆ ನೆಲದ ಮುಖವೇ ಬದಲಾಗುತ್ತದೆ. ಬೆರ್ಜೇ ಕೋಟೆಯ ಬುರುಜುಗಳ ಕೆಳಗಿನಿಂದ ಮತ್ತೆ ದ್ರಾಕ್ಷಿಯ ಬಳ್ಳಿಗಳು ದಾರಿಯ ಅಂಚಿಗೇ ಬರುತ್ತವೆ. ಮನೆಗಳ ಹೆಂಚು ದುಂಡಾಗಿ, ಮಾಡು ತಗ್ಗಾಗಿ, ದಕ್ಷಿಣದ ಬಿಸಿಲಿನ ಸೂಚನೆ ಸಿಗುತ್ತದೆ. ಬಲಗಡೆ ಮಿಲ್ಲಿ ಎಂಬ ಹಳ್ಳಿ. 1790ರಲ್ಲಿ ಮಾಕೋನಿನಲ್ಲಿ ಹುಟ್ಟಿದ ಕವಿ ಲಾಮಾರ್ತೀನ್ ಬಾಲ್ಯವನ್ನು ಕಳೆದದ್ದು ಇಲ್ಲಿ. ಕವಿಯಾಗಿ ಹೆಸರು ಪಡೆದು, 1848ರ ಕ್ರಾಂತಿಯಲ್ಲಿ ದೇಶದ ಮುಂದಾಳುವಾಗಿ, ದ್ರಾಕ್ಷಿಯ ತೋಟಗಳನ್ನೂ ನಡೆಸಿ, ಕೊನೆಗೆ ಸಾಲದ ಹೊರೆ ತಾಳಲಾರದೆ 1860ರಲ್ಲಿ ಆ ಬಾಲ್ಯದ ಮನೆಯನ್ನೇ ಮಾರಿದನು. ಇನ್ನೂ ಆಚೆಗೆ, ಹಡಗಿನ ಮೂತಿಯಂತೆ ಮುಂಚಾಚಿ ನಿಂತ ಸೊಲ್ಯುತ್ರೇ ಬಂಡೆ, 493 ಮೀಟರು. ಅದರ ಬುಡದಲ್ಲಿ ಶಿಲಾಯುಗದ ಬೇಟೆಗಾರರು ಕೊಂದ ಕುದುರೆಗಳ ಎಲುಬುಗಳು ರಾಶಿರಾಶಿಯಾಗಿ ದೊರೆತಿವೆ. ಅದನ್ನು ಹತ್ತಬೇಕೆನ್ನುವವರು ಹಸಿರು ದಾರಿಯನ್ನು ಬಿಟ್ಟು, ಗೇರನ್ನು ಕಟ್ಟಕಡೆಯ ಹಲ್ಲುಚಕ್ರಕ್ಕೆ ಇಳಿಸಿ ಹೊರಡಬೇಕು.

ಮಾಕೋನ್ ಪಟ್ಟಣದ ಹೊರವಲಯದ ಶಾರ್ನೇ ಎಂಬಲ್ಲಿ ಹಳೆಯ ರೈಲುದಾರಿ ಮುಗಿಯುತ್ತದೆ. ಅಲ್ಲಿಂದ ಸೋನ್ ನದಿಯ ದಂಡೆಗೆ ಹೋಗುವಷ್ಟು ದೂರ ಪಟ್ಟಣದ ಬೀದಿಗಳಲ್ಲಿ ಮೋಟಾರುಗಳ ನಡುವೆ ಸಾಗಬೇಕು. ಮೂರು ದಿನ ಹಕ್ಕಿಯ ಸದ್ದಿಗೆ ಒಗ್ಗಿದ ಕಿವಿಗೆ ಅದು ಕಠಿನವಾಗಿ ತೋರಿದರೆ ಆಶ್ಚರ್ಯವಿಲ್ಲ. ಒಂದು ಎಚ್ಚರಿಕೆ: ಆ ದೇಶದಲ್ಲಿ ಗಾಡಿಗಳು ರಸ್ತೆಯ ಬಲಪಕ್ಕವನ್ನು ಹಿಡಿದು ಹೋಗುತ್ತವೆ. ಹಸಿರು ದಾರಿಯಲ್ಲಿ ಎಡಬಲಗಳ ಯೋಚನೆಯಿಲ್ಲದೆ ಬಂದ ನಮ್ಮವರು ಇಲ್ಲಿ ಮೊದಲನೆಯ ತಿರುವಿನಲ್ಲೇ ಅದನ್ನು ಜ್ಞಾಪಿಸಿಕೊಳ್ಳುವುದು ಕ್ಷೇಮ.